ಮಾಶಾಬಿಯ ಕೂಲರ್

ನಮ್ಮ ಸಿಮೆಂಟ್ ಕಾರ್ಖಾನೆಯ ಲ್ಯಾಬಿಗೆ ಕಂಪ್ಯೂಟರ್ ಬಂದದ್ದು ಎಂಬತ್ತೇಳರ ಬೇಸಿಗೆಯಲ್ಲಿ. ವಾಡಿಯ ಬೇಸಿಗೆಯನ್ನು ನೋಡದವರಿಗೆ ಹೇಳಿ ಪ್ರಯೋಜನವಿಲ್ಲ, ನೋಡಿದವರಿಗೆ ಹೇಳುವುದೇ ಬೇಡ. ಕಂಪ್ಯೂಟರಿಗೆ ತಂಪು ಬೇಕೆಂದು ಮುಖ್ಯ ಕಚೇರಿಯವರು ಜೊತೆಗೊಂದು ಏ.ಸಿ.ಯನ್ನೂ ಕಳಿಸಿದ್ದರು. ಅದು ನೇರವಾಗಿ ಹೋಗಿ ಮ್ಯಾನೇಜರನ ಕೋಣೆಯ ಕಿಟಕಿ ಏರಿ ಕುಳಿತಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ನಮ್ಮ ಪೂಜಾರಿ ಆ ವರದ ಕೆಳಗೆ ಕಾಲು ಚಾಚಿ ಮಲಗುತ್ತಿದ್ದ.

ನಾನು ಗೊಲ್ಲಾಳಪ್ಪ, ಭಂಕೂರದವನು, ಲ್ಯಾಬಿನ ಮೆಕ್ಯಾನಿಕ್. ತಕ್ಕಡಿ, ಪಂಪು, ಕುಲುಮೆ ಎಲ್ಲವೂ ನನ್ನ ಮಾತು ಕೇಳುತ್ತವೆ. ಕೇಳದಿದ್ದರೆ ಒಂದೇಟು ಹಾಕುತ್ತೇನೆ. ಕಂಪ್ಯೂಟರಿಗೆ ಮಾತ್ರ ಏಟು ಹಾಕುವಂತಿಲ್ಲ ಎಂದು ಮೊದಲ ದಿನವೇ ತಾಕೀತು ಮಾಡಿದರು. ಅಂದಿನಿಂದ ನನಗೂ ಅದಕ್ಕೂ ಆಗಿಬರಲಿಲ್ಲ.

ಅದನ್ನು ನೋಡಿಕೊಳ್ಳುವ ಹೊಣೆ ಬಿದ್ದದ್ದು ಬಷೀರಾಳ ಮೇಲೆ. ನನ್ನ ಜೊತೆಗಾರ ನಬೀಸಾಬನ ಒಬ್ಬಳೇ ಮಗಳು. ಗುಲ್ಬರ್ಗದಲ್ಲಿ ಬಿ.ಎಸ್ಸಿ. ಓದಿ, ನಮ್ಮಲ್ಲೇ ಟೆಂಪರರಿ ಕೆಮಿಸ್ಟ್ ಆಗಿ ಸೇರಿದ್ದಳು. ನಬೀಸಾಬನದು ಪ್ರಾಯದಿಂದಲೂ ಒಂದೇ ಕೆಲಸ. ಸಿಮೆಂಟಿಗೆ ನೀರು ಕಲಸಿ, ಮುದ್ದೆ ಕಟ್ಟಿ, ಅದು ಯಾವಾಗ ಬಿಗಿಯುತ್ತದೆಂದು ಸೂಜಿ ಇಳಿಸಿ ನೋಡುವುದು. ಸೂಜಿ ಇಳಿಯದಾದಾಗ ‘ಕಲ್ಲಾತು’ ಎಂದು ಕೂಗುತ್ತಿದ್ದ. ಮಗಳು ಅದೇ ಲ್ಯಾಬಿನಲ್ಲಿ ಕುರ್ಚಿಯ ಮೇಲೆ ಕುಳಿತದ್ದನ್ನು ಕಂಡ ದಿನ, ಆ ಕೂಗಿನ ದನಿಯೇ ಬೇರೆಯಾಗಿತ್ತು.

ನಮ್ಮಲ್ಲಿ ಒಂದು ಎಕ್ಸ್‌ರೇ ಯಂತ್ರವಿತ್ತು. ಸುಣ್ಣಕಲ್ಲಿನ ಪುಡಿ ಒಳಗಿಟ್ಟರೆ ಅದರಲ್ಲಿ ಸುಣ್ಣವೆಷ್ಟು, ಮಣ್ಣೆಷ್ಟು ಎಂದು ಹೇಳುತ್ತಿತ್ತು. ಆ ಲೆಕ್ಕ ಇನ್ನು ಮೇಲೆ ತಾನಾಗಿ ಕಂಪ್ಯೂಟರಿಗೆ ಹೋಗಬೇಕು. ಎರಡರ ನಡುವೆ ಮಾತು ಕೂಡಿಸುವುದಕ್ಕೊಂದು ಕಾರ್ಡು: ಅಂಗೈಗಿಂತ ತುಸು ಉದ್ದದ ಹಸಿರು ಹಲಗೆ, ಅದರ ಕೆಳಅಂಚಿಗೆ ಬಂಗಾರದ ಬಣ್ಣದ ಸಣ್ಣ ಪಟ್ಟಿಗಳು. ಆ ಅಂಚನ್ನು ಕಂಪ್ಯೂಟರಿನ ಹೊಟ್ಟೆಯೊಳಗಿನ ಸಂದಿಗೆ ಒತ್ತಿ ಕೂಡಿಸಬೇಕು.

ಮುಖ್ಯ ಕಚೇರಿಯವರು ಹೈದರಾಬಾದಿನಿಂದ ಕಳಿಸಿದ ಇಂಜಿನಿಯರ್ ಅದನ್ನು ಕೂಡಿಸಿ, ಬಷೀರಾಳಿಗೆ ಕಲಿಸಿ ಹೊರಟ. ಹೊರಡುವಾಗ ಎಲ್ಲರೆದುರು ಹೇಳಿದ: ಮಳೆಗಾಲ ಹಿಡಿಯುವ ಹೊತ್ತಿಗೆ ಮತ್ತೆ ಬರುತ್ತೇನೆ. ಅಂದು ಇದು ನಡೆಯುತ್ತಿದ್ದರೆ ಈಕೆಯ ನೌಕರಿ ಕಾಯಂ. ಇಲ್ಲದಿದ್ದರೆ ನಮ್ಮ ಕಡೆಯ ಒಬ್ಬನನ್ನು ಕೂರಿಸುತ್ತೇವೆ. ‘ಬಿಸಿಯೊಂದು ತಾಗಬಾರದು’ ಎಂದು ಬಾಗಿಲಲ್ಲಿ ನಿಂತು ಇನ್ನೊಮ್ಮೆ ಎಚ್ಚರಿಸಿದ.

ಆ ಮಾತು ನಬೀಸಾಬನ ತಲೆಯಲ್ಲಿ ಮೊಳೆ ಹೊಡೆದಂತೆ ಕುಳಿತುಬಿಟ್ಟಿತು. ಅವನ ಮನೆಯಲ್ಲಿ ಒಂದು ಕೂಲರ್ ಇತ್ತು. ತಗಡಿನ ಡಬ್ಬಿ, ಮೂರು ಬದಿಗೆ ಹುಲ್ಲಿನ ಪರದೆ, ತಳದಲ್ಲಿ ನೀರು, ಒಳಗೆ ಫ್ಯಾನು. ಅದನ್ನು ತಂದದ್ದು ಹೆಂಡತಿ ಮಾಶಾಬಿಗಾಗಿ. ಆಕೆಗೆ ಎದೆ ಸೋತಿತ್ತು, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಮನೆಯ ಮಾಳಿಗೆಗೆ ಹೊದಿಸಿದ್ದು ಶಹಾಬಾದ್ ಪರಸಿ ಕಲ್ಲು. ಮಧ್ಯಾಹ್ನ ಅದು ರೊಟ್ಟಿ ಹಂಚಿನಂತೆ ಕಾಯುತ್ತಿತ್ತು. ಆ ಕೂಲರಿನ ಮುಂದೆ ಹಾಸಿದ ಚಾಪೆಯೇ ಆಕೆಯ ಲೋಕ.

ಅದನ್ನು ಲ್ಯಾಬಿಗೆ ಒಯ್ಯಲು ನಬೀಸಾಬನ ಜೊತೆ ನಾನೂ ಹೋಗಿದ್ದೆ. ಬಷೀರಾ ಬಾಗಿಲಿಗೆ ಅಡ್ಡ ನಿಂತಿದ್ದಳು.

“ಬ್ಯಾಡ ಅಬ್ಬಾ. ಅಮ್ಮಿ ಹ್ಯಾಂಗ ಇರ್ತಾಳ?”

ಚಾಪೆಯ ಮೇಲಿಂದ ಮಾಶಾಬಿಯೇ ನಕ್ಕಳು. “ನಾ ಏನ್ ಕಂಪ್ಯೂಟರ್ ಏನು, ಬಿಸಿಗಿ ಕೆಟ್ಟು ನಿಲ್ಲಾಕ? ಒಯ್ರಿ ಗೊಲ್ಲಾಳಪ್ಪಣ್ಣ. ನನಗ ಬೀಸಣಿಗಿ ಸಾಕು. ಕೂಸಿನ ನೌಕರಿ ಪಕ್ಕಾ ಆಗ್ಲಿ.”

ನಾವಿಬ್ಬರೂ ಅದನ್ನು ತಳ್ಳುಬಂಡಿಯಲ್ಲಿಟ್ಟು ತಂದೆವು. ಕಂಪ್ಯೂಟರಿನ ಮಗ್ಗುಲಲ್ಲಿ ನಿಲ್ಲಿಸಿ ಗುಂಡಿ ಒತ್ತಿದಾಗ ಲ್ಯಾಬಿನವರೆಲ್ಲ ‘ಹಾ’ ಎಂದರು. ನಾನೂ ಬುಷ್‌ಶರ್ಟಿನ ಗುಂಡಿ ಬಿಚ್ಚಿ ಅದರ ಮುಂದೆ ನಿಂತೆ. ತಣ್ಣನೆಯ ಒದ್ದೆ ಗಾಳಿ, ಹುಲ್ಲಿನ ವಾಸನೆ. ಸುಳ್ಳೇಕೆ ಹೇಳಲಿ, ಸುಖವಾಗಿತ್ತು.

ಸ್ವಲ್ಪ ದಿನ ಎಲ್ಲ ಸರಿಯಾಗಿತ್ತು. ಆಮೇಲೆ ಒಂದು ಮಧ್ಯಾಹ್ನ, ಎಕ್ಸ್‌ರೇ ಯಂತ್ರ ಸಿಗುತ್ತಿಲ್ಲವೆಂದು ಕಂಪ್ಯೂಟರಿನ ತೆರೆಯ ಮೇಲೆ ಬಂತು. ಬಷೀರಾ ಕಾರ್ಡನ್ನು ಕಿತ್ತು ಮತ್ತೆ ಒತ್ತಿದಳು, ಮಾತು ಕೂಡಿತು. ಒಂದು ತಾಸಿಗೆ ಮತ್ತೆ ಹೋಯಿತು. ನಾನು ತಂತಿಯ ತುದಿಗಳನ್ನೆಲ್ಲ ಬಿಚ್ಚಿ ಹೊಸದಾಗಿ ಬೆಸೆದೆ. ಅವಳು ಕಾರ್ಡಿನ ಮೇಲಿನ ಪುಟಾಣಿ ಸ್ವಿಚ್ಚುಗಳನ್ನು ಪುಸ್ತಕ ನೋಡಿ ಹಿಂದೆ ಮುಂದೆ ಮಾಡಿದಳು. ಬೇರೆ ಸಂದಿಗೆ ಹಾಕಿ ನೋಡಿದಳು. ಅಲ್ಲೂ ಎರಡು ದಿನ ನಡೆದು ನಿಂತಿತು. ಹೈದರಾಬಾದಿಗೆ ಟ್ರಂಕ್ ಕಾಲ್ ಮಾಡಿದರೆ ಆ ಪುಣ್ಯಾತ್ಮ ಕೇಳಿದ್ದು ಒಂದೇ ಮಾತು, “ಕೋಣೆ ತಂಪಾಗಿದೆಯಾ?”

“ಬಿಸಿದೇ ಕಾಟ ಅದ,” ಎಂದ ನಬೀಸಾಬ್. ಕೂಲರನ್ನು ಇನ್ನಷ್ಟು ಹತ್ತಿರ ತಳ್ಳಿದ. ಹತ್ತಿರ ತಳ್ಳಿದಷ್ಟೂ ಕಾರ್ಡು ಬೇಗ ಕೈಕೊಡುತ್ತಿತ್ತು. ಬೇಗ ಕೈಕೊಟ್ಟಷ್ಟೂ ಅವನು ಹುಲ್ಲಿಗೆ ಹೆಚ್ಚು ನೀರು ಹಾಕುತ್ತಿದ್ದ. ನಾವು ಯಾರೂ ಬೇಡವೆನ್ನಲಿಲ್ಲ. ಬಷೀರಾಳ ಕಣ್ಣುಗಳು ಒಳಗಿಳಿದವು. ಕಾಯಂ ಆಗುವ ಮಾತನ್ನು ಲ್ಯಾಬಿನಲ್ಲಿ ಯಾರೂ ಎತ್ತದಾದರು.

ಆ ವಾರವೇ ಬಿಸಿಲು ಹುಚ್ಚೆದ್ದಿತು. ಒಂದು ಮಧ್ಯಾಹ್ನ ನಬೀಸಾಬನ ಪಕ್ಕದ ಮನೆಯಾಕೆ ತಲೆಯ ಮೇಲೆ ಸೆರಗೂ ಇಲ್ಲದೆ ಕಾರ್ಖಾನೆಯ ಗೇಟಿಗೆ ಓಡಿ ಬಂದಳು. ನಾವು ಹೋಗುವಷ್ಟರಲ್ಲಿ ಮಾಶಾಬಿ ಚಾಪೆಯಿಂದ ಜಾರಿ, ಕೆನ್ನೆಯನ್ನು ನೆಲದ ಪರಸಿಗೆ ಒತ್ತಿಕೊಂಡು ಮಲಗಿದ್ದಳು. ಇದ್ದುದರಲ್ಲಿ ತಣ್ಣಗಿರುವ ಜಾಗ ಹುಡುಕಿಕೊಂಡಿದ್ದಳು ಪಾಪ. ಬೀಸಣಿಗೆ ಕೈಯಲ್ಲೇ ಇತ್ತು, ಜೀವ ಇರಲಿಲ್ಲ. ಬಷೀರಾ ಅತ್ತ ದನಿ ಇವತ್ತಿಗೂ ನನ್ನ ಕಿವಿಯಲ್ಲಿದೆ. ಆ ಸಂಜೆ ಮಣ್ಣು ಕೊಟ್ಟು ಬರುವಾಗ ನಬೀಸಾಬ್ ನನ್ನ ಹೆಗಲು ಹಿಡಿದು ನಡೆಯುತ್ತಿದ್ದ. ಒಂದೇ ಮಾತು ಹೇಳುತ್ತಿದ್ದ, “ಆಕಿನೇ ಒಯ್ಯಂದ್ಲಲ್ಲೋ, ಆಕಿನೇ ಅಂದ್ಲಲ್ಲೋ.”

ಮೂರನೇ ದಿನದ ಜಿಯಾರತ್ ಮುಗಿದ ಮೇಲೆ ಬಷೀರಾ ಕೆಲಸಕ್ಕೆ ಬಂದಳು. ಇಂಜಿನಿಯರ್ ಬರುವ ಸುದ್ದಿ ಬಂದಿತ್ತು. ನಬೀಸಾಬ್ ಇನ್ನೂ ರಜೆಯಲ್ಲಿದ್ದ. ಅವಳು ಒಬ್ಬಳೇ ಕಾರ್ಡನ್ನು ಕಿತ್ತು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನಿಂತಳು. ಬಂಗಾರದ ಪಟ್ಟಿಗಳ ಮೇಲೆ ತೆಳ್ಳಗೆ ಬೂದಿ ಬಣ್ಣದ ಪೊರೆ ಕಟ್ಟಿತ್ತು. ಉಗುರಿನಿಂದ ಕೆರೆದಳು, ಬರಲಿಲ್ಲ. ಹತ್ತಿಯನ್ನು ನೀರು ಬೆರೆಸಿದ ಆಸಿಡ್ಡಿನಲ್ಲಿ ಅದ್ದಿ ಒಂದು ಮೂಲೆಗೆ ಮುಟ್ಟಿಸಿದಳು. ಸಣ್ಣಗೆ ನೊರೆ ಎದ್ದಿತು. ಸುಣ್ಣವಿದ್ದಲ್ಲಿ ಹಾಗೆ ನೊರೆ ಬರುತ್ತದೆಂದು ನಮ್ಮ ಲ್ಯಾಬಿನಲ್ಲಿ ಕಸ ಗುಡಿಸುವವನಿಗೂ ಗೊತ್ತು.

ಗಾಳಿಯಲ್ಲಿ ಸಿಮೆಂಟಿನ ಧೂಳು, ಕೂಲರಿನಿಂದ ನೀರಿನ ತೇವ. ಎರಡೂ ಕೂಡಿದರೆ ಏನಾಗುತ್ತದೆ ಎಂದು ದಿನಾ ಸೂಜಿ ಚುಚ್ಚಿ ನೋಡುವ ಜನ ನಾವು. ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ. ಊರಿನ ಮನೆಗಳೆಲ್ಲ ಯಾವುದರಿಂದ ನಿಂತವೋ ಅದೇ ಈ ಪಟ್ಟಿಗಳ ಮೇಲೆ ಕಲ್ಲಾಗಿ ಕೂತಿತ್ತು. ಬಿಸಿಗೆ ಆ ಕಾರ್ಡು ಕೆಟ್ಟಿರಲೇ ಇಲ್ಲ.

ಬಷೀರಾ ಅಳಲಿಲ್ಲ. ಕಾರ್ಡು ಕೈಯಲ್ಲೇ ಹಿಡಿದು ಕುರ್ಚಿಯಲ್ಲಿ ಕುಳಿತಳು.

“ಕಾಕಾ, ಕೂಲರ್ ಮನ್ಯಾಗೇ ಇದ್ದಿದ್ರ ಕಾರ್ಡೂ ಛಲೋ ಇರ್ತಿತ್ತು. ಅಮ್ಮೀನೂ ಇರ್ತಿದ್ಲು.”

ನನಗೆ ಸಿಟ್ಟು ಬಂತು. ಏ.ಸಿ.ಯ ಮೇಲೆ, ಅದರ ಕೆಳಗೆ ಮಲಗಿದವನ ಮೇಲೆ, ಹೈದರಾಬಾದಿನ ಆ ಪುಣ್ಯಾತ್ಮನ ಮೇಲೆ. ಅವಳು ಪಟ್ಟಿಗಳನ್ನು ಒಂದೊಂದಾಗಿ ಒರೆಸಿ, ಸ್ಪಿರಿಟ್ಟಿನಲ್ಲಿ ತೊಳೆದು, ಸಂದಿಯನ್ನೂ ಸ್ವಚ್ಛ ಮಾಡಿ ಕೂಡಿಸಿದಳು. ಯಂತ್ರ ಕೂಡಲೇ ಮಾತಾಡಿತು. ಸುಣ್ಣವೆಷ್ಟು, ಮಣ್ಣೆಷ್ಟು ಎಂದು ಸಾಲು ಸಾಲಾಗಿ ತೆರೆಯ ಮೇಲೆ ಇಳಿಯತೊಡಗಿತು.

ಇಂಜಿನಿಯರ್ ಬಂದ ದಿನವೂ ಹಾಗೆಯೇ ಇಳಿಯಿತು. ಅಂದು ನಬೀಸಾಬ್ ರಜೆ ಮುಗಿಸಿ ಬಂದಿದ್ದ. ಗಡ್ಡ ಬೆಳೆದಿತ್ತು, ಬಾಗಿಲ ಬಳಿ ಗೋಡೆಗೆ ಒರಗಿ ನಿಂತಿದ್ದ. “ದೋಷ ಏನಿತ್ತು?” ಎಂದು ಇಂಜಿನಿಯರ್ ಕೇಳಿದ. ಬಷೀರಾ ಒಮ್ಮೆ ಅಪ್ಪನ ಕಡೆ ನೋಡಿದಳು.

“ಬಿಸಿ ಸರ್. ಕೂಲರ್ ಇಟ್ಟ ಮ್ಯಾಲ ಸರಿ ಆತು.”

ಇಂಜಿನಿಯರ್ ತಾನು ಹೇಳಿದ್ದೇ ಸರಿ ಎಂಬಂತೆ ತಲೆಯಾಡಿಸಿದ. ಅವಳ ನೌಕರಿ ಕಾಯಂ ಆಯಿತು. ನಬೀಸಾಬ್ ಎಲ್ಲರೆದುರು ಕೂಲರಿನ ತಗಡನ್ನು ಎರಡೂ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡ. “ನಮ್ಮ ಮಾಶಾಬಿ ಜೀವ ದಂಡ ಹೋಗ್ಲಿಲ್ಲ,” ಎಂದು ಬಿಕ್ಕಿಬಿಕ್ಕಿ ಅತ್ತ. ಹೆಂಡತಿ ಹೋದ ಮೇಲೆ ಅವನು ಅತ್ತದ್ದು ಅದೇ ಮೊದಲು ಎಂದು ಆಮೇಲೆ ಬಷೀರಾ ಹೇಳಿದಳು.

ಅಂದಿನಿಂದ ಅವನು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕೂಲರಿಗೆ ನೀರು ತುಂಬುತ್ತಿದ್ದ. ಮಳೆ ಹಿಡಿದರೂ ಬಿಡಲಿಲ್ಲ. ಬಷೀರಾ ಅದರ ಮುಖವನ್ನು ಆಚೆ ತಿರುಗಿಸಿದರೆ ಇವನು ಮತ್ತೆ ಈಚೆ ತಿರುಗಿಸುತ್ತಿದ್ದ. ಸಂಜೆ ಅಪ್ಪ ಹೊರಟ ಮೇಲೆ ಮಗಳು ಕಾರ್ಡು ಕಿತ್ತು, ಅಂದು ಕಟ್ಟಿದ ಪೊರೆಯನ್ನು ಒರೆಸಿ ತೆಗೆಯುತ್ತಿದ್ದಳು. ಅವಳ ಬೆರಳತುದಿಗಳು ಆಸಿಡ್ಡಿಗೆ ಸುಲಿದುಹೋಗಿದ್ದವು.

ನೋಡಿ ನೋಡಿ ನನಗೆ ತಡೆಯಲಾಗಲಿಲ್ಲ. “ನಾಳೆ ನಾನೇ ಹೇಳ್ತೀನಿ ಅವಗ,” ಎಂದೆ.

“ಬ್ಯಾಡ್ರಿ ಕಾಕಾ. ಅಮ್ಮಿ ಸುಮ್ನೇ ಸತ್ಲು ಅಂತ ಗೊತ್ತಾದ್ರ ಅಬ್ಬಾ ಬದುಕೂದಿಲ್ರಿ,” ಎಂದಳು.

ಆದರೂ ಮರುದಿನ ಬೇಗನೆ ಹೋದೆ. ಇಂಥ ಸುಳ್ಳು ಎಷ್ಟು ದಿನ ನಡೆದೀತು, ಒಮ್ಮೆ ಹೇಳಿ ಮುಗಿಸಿಬಿಡೋಣ ಎಂದೇ ಗಟ್ಟಿ ಮನಸ್ಸು ಮಾಡಿದ್ದೆ. ನಬೀಸಾಬ್ ಕೂಲರಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಒಂದೊಂದೇ ತಂಬಿಗೆ ನೀರನ್ನು ಹುಲ್ಲಿನ ಮೇಲೆ ನಿಧಾನವಾಗಿ ಇಳಿಸುತ್ತಿದ್ದ, ಬಿಸಿಲಲ್ಲಿ ಬಂದವರ ತಲೆಗೆ ಹಾಕುವ ಹಾಗೆ.

“ಈಗ ತಂಪಾತೇನ ಮಾಶಾಬಿ?” ಎನ್ನುತ್ತಿದ್ದ.

ನಾನು ಬಂದದ್ದು ಕಂಡು ಖಾಲಿ ಬಕೆಟ್ಟನ್ನು ನನ್ನ ಕಡೆ ಚಾಚಿದ. ನಾನು ಅದನ್ನು ಇಸಿದುಕೊಂಡು ನಲ್ಲಿಗೆ ಹೋಗಿ ತುಂಬಿ ತಂದು ಕೊಟ್ಟೆ.