ಡಬ್ಬಿಯೊಳಗಿನ 'ಬೇಡ'

ನಮ್ಮದು ಪುಸ್ತಕ ಕಟ್ಟುವ ಮನೆ. ಮುಂದಿನ ಕೋಣೆಯಲ್ಲಿ ಅಪ್ಪ ರಟ್ಟು ಕತ್ತರಿಸುತ್ತಾರೆ, ನಾನು ಅಂಟು ಹಚ್ಚುತ್ತೇನೆ, ನನ್ನ ಹೆಂಡತಿ ಅಚ್ಚಾದ ಹಾಳೆ ಮಡಿಸಿ ಹೊಲಿಯುತ್ತಾಳೆ. ಹೊಲಿಯುತ್ತಾ ಓದುವುದೂ ಉಂಟು. "ಹೊಲಿ ಅಂದ್ರೆ ಓದ್ತಾ ಕೂರ್ತಾಳೆ ಮಹಾರಾಯ್ತಿ!" ಅಂತ ಅಪ್ಪ ಗೊಣಗದ ದಿನವಿಲ್ಲ. ಅಪ್ಪನ ಬೆರಳು ಮಾತ್ರ ಅಂತಿಂಥದ್ದಲ್ಲ. ಕಣ್ಣು ಮುಚ್ಚಿಕೊಂಡೇ ಕಳಪೆ ಕಾಗದ ಬಿಟ್ಟು ಒಳ್ಳೆಯದನ್ನು ಎತ್ತುತ್ತಾರೆ.

ಆದರೆ ಅಪ್ಪನ ದೇವರು ಒಂದು ತಗಡಿನ ಡಬ್ಬಿಯಲ್ಲಿದ್ದ. ಅದರಲ್ಲಿ ಎರಡೇ ಚೀಟಿ: 'ಹೂಂ' ಮತ್ತು 'ಬೇಡ'. ಏನು ಮಾಡಬೇಕಿದ್ದರೂ ಅಪ್ಪ ಕಣ್ಣು ಮುಚ್ಚಿ ಒಂದನ್ನು ಎತ್ತಬೇಕು. ಬಂದದ್ದೇ ದೈವವಾಣಿ. ನಮ್ಮ ದೇವರು ಬಲು ಬಿಗಿ, 'ಹೂಂ' ಅನ್ನುತ್ತಿದ್ದದ್ದೇ ಅಪರೂಪ. ನನ್ನ ಮದುವೆಗೆ 'ಹೂಂ' ಬಂದ ದಿನ ಅಪ್ಪನ ಬೆರಳಿಗೆ ಗಾಯವಾಗಿ ಬಟ್ಟೆ ಸುತ್ತಿದ್ದರು.

ಎರಡು ವರ್ಷದ ಹಿಂದೆ ದೊಡ್ಡ ಮಗಳಿಗೆ ಜ್ವರ ಬಂತು. ಆಸ್ಪತ್ರೆಗೆ ಹೋಗೋಣವೇ ಎಂದರೆ 'ಬೇಡ' ಬಂತು. ಮೂರನೆಯ ದಿನ ಮಗು ಹೋಯಿತು. ನಾನು, ಹೆತ್ತ ಅಪ್ಪ, ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಆಗಲೇಬೇಕು.

ಮೊನ್ನೆ ಸಣ್ಣವಳಿಗೂ ಜ್ವರ ಏರಿತು. ಮೈ ಕೆಂಡ, ಉಸಿರು ಗೊರಗೊರ. ಅಪ್ಪ ಡಬ್ಬಿ ತೆಗೆದರು. 'ಬೇಡ'.

ಹೆಂಡತಿ ಸೂಜಿ ಕೆಳಗಿಟ್ಟಳು. "ಮಾವ, ಯಾವ ದೇವರನ್ನ ಕೇಳಿದ್ರಿ?"

"ಇರೋನೊಬ್ಬನೇ ದೇವರು ಕಣಮ್ಮ."

"ಈ ವಾರ ಹೊಲೀತಿರೋ ಪುಸ್ತಕ ಪೂರ್ತಿ ಅವನ ವಿಷಯಾನೇ. ಒಂದು ಧರ್ಮದವರು ಅವನಿಗೆ ರೂಪವೇ ಇಲ್ಲ ಅಂತಾರೆ. ಇನ್ನೊಬ್ಬರಿಗೆ ಅವನು ತಂದೆ. ಮತ್ತೊಬ್ಬರು, ನಿಮ್ಮೊಳಗೂ ನನ್ನೊಳಗೂ ಇರೋನು ಅವನೇ ಅಂತಾರೆ. ಒಬ್ಬ ತತ್ವಜ್ಞಾನಿ ಇಡೀ ಪ್ರಕೃತೀನೇ ದೇವರು ಅಂದ. ಇನ್ನೊಬ್ಬ, ಅವನು ಲೋಕ ಮಾಡಿ ಸುಮ್ಮನಾದ, ನಡುವೆ ತಲೆ ಹಾಕಲ್ಲ ಅಂದ. ದೇವರೇ ಇಲ್ಲ ಅಂದೋರೂ ಇದ್ದಾರೆ. ಮಗೂಗೆ ಔಷಧಿ ಬೇಡ ಅಂತ ಚೀಟಿ ಕಳಿಸೋ ದೇವರು ಮಾತ್ರ ನನಗೆ ಯಾವ ಪುಟದಲ್ಲೂ ಸಿಗಲಿಲ್ಲ."

"ನಾಲ್ಕು ಹಾಳೆ ಓದಿ ನನಗೆ ಬುದ್ಧಿ ಹೇಳ್ತೀಯಾ? ಚೀಟಿ ನಾನಾ ಎತ್ತಿದ್ದು? ಅವನು ಎತ್ತಿಸಿದ್ದು!"

"ಹಾಗಾದ್ರೆ ಇನ್ನೊಂದ್ಸಲ ಎತ್ತಿ."

"ದೇವರನ್ನ ಪರೀಕ್ಷೆ ಮಾಡ್ತೀಯಾ?"

"ದೇವರನ್ನಲ್ಲ ಮಾವ, ನಿಮ್ಮ ಬೆರಳನ್ನ."

ಅಪ್ಪ ರೋಷದಿಂದ ಕಣ್ಣು ಮುಚ್ಚಿದರು. 'ಬೇಡ'. ಡಬ್ಬಿ ಅಲ್ಲಾಡಿಸಿ ಮತ್ತೆ ಎತ್ತಿದರು. 'ಬೇಡ'. ಮೂರನೆಯ ಸಲವೂ ಅದೇ. "ನೋಡಿದ್ಯಾ?" ಅಂದರು, ಗೆದ್ದವರ ಹಾಗೆ.

ಅವಳು ಎರಡೂ ಚೀಟಿ ತೆಗೆದು ನನ್ನ ಅಂಗೈಯಲ್ಲಿಟ್ಟಳು. "ಮುಟ್ಟಿ ನೋಡಿ."

ಮುಟ್ಟಿದೆ. 'ಹೂಂ' ಇದ್ದದ್ದು ತೆಳು ರದ್ದಿ ಕಾಗದದಲ್ಲಿ. 'ಬೇಡ' ಇದ್ದದ್ದು ದಪ್ಪ, ನುಣುಪು ಕಾಗದದಲ್ಲಿ, ರಟ್ಟಿನ ಒಳಮೈಗೆ ಅಂಟಿಸುವಂಥದ್ದರಲ್ಲಿ. ಎರಡನ್ನೂ ಅಪ್ಪನ ಮುಂದೆ ಹಿಡಿದೆ.

"ಅಪ್ಪ," ಅಂದೆ, ಜನ್ಮದಲ್ಲಿ ಮೊದಲ ಸಲ ದನಿ ಎತ್ತಿ, "ನೀವು ಯಾವತ್ತಾದ್ರೂ ಕಳಪೆ ಕಾಗದ ಎತ್ತಿದ್ದುಂಟಾ?"

ಅಪ್ಪ ಚೀಟಿಗಳನ್ನು ಬೆರಳಲ್ಲಿ ಉಜ್ಜಿದರು. ಒಂದನ್ನು, ಆಮೇಲೆ ಇನ್ನೊಂದನ್ನು. ಮುಖ ಬಿಳಿಚಿತು.

ನಾನು ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದಿದ್ದೆ. ಹಿಂದಿನಿಂದ ಅಪ್ಪನ ದನಿ ಕೇಳಿತು. "ದೊಡ್ಡವಳಿಗೆ ಬೇಡ ಅಂದಿದ್ದು... ನಾನೇನಾ?"

ಹೆಂಡತಿ ಹೊಸ್ತಿಲಲ್ಲಿ ನಿಂತಳು. "ಹೂಂ ಮಾವ," ಅಂದಳು. "ಬನ್ನಿ ಈಗ. ಇವಳನ್ನಾದ್ರೂ ಉಳಿಸಿಕೊಳ್ಳೋಣ."

ಅಪ್ಪ ಬರಿಗಾಲಲ್ಲೇ ಓಡಿ ಬಂದರು. ಸಣ್ಣವಳು ಉಳಿದಳು. ದೊಡ್ಡವಳು ಇದ್ದಿದ್ದರೆ ಈಗ ಅವಳಿಗೆ ಒಂಬತ್ತು ವರ್ಷ.