ತಲೆದೆಸೆಯ ಕಲ್ಲು

ಹಸಿ ಬಟ್ಟೆ ಹಿಂಡಿ ಅವಳು ಚಪ್ಪಡಿಯ ಮೇಲಿನ ಬಿಳಿ ಕೆಸರನ್ನು ಒರೆಸುತ್ತಿದ್ದಳು. ಕಲ್ಲು ಕೊಯ್ದಾಗ ಉಳಿಯುವ ಈ ಕೆಸರು ಒಣಗಿತೆಂದರೆ ಉಗುರಿನಿಂದ ಕೆರೆದರೂ ಬಿಡುವುದಿಲ್ಲ. ಅಪ್ಪ ಮಷೀನ್ ನಿಲ್ಲಿಸಿದ ಕೂಡಲೇ ಒರೆಸಿಬಿಡಬೇಕು. ಶಾಲೆ ಬಿಟ್ಟಂದಿನಿಂದ ದೊಡ್ಡಪ್ಪನ ಮಾರ್ಬಲ್ ಅಂಗಡಿಯಲ್ಲಿ ಅವಳ ಕೆಲಸ ಅದೇ. ಒರೆಸುತ್ತ ಹೋದ ಹಾಗೆ ಬಟ್ಟೆಯ ಕೆಳಗಿನಿಂದ ಕೊರೆದ ಅಕ್ಷರಗಳು ಎದ್ದವು. ತಾತನ ಹೆಸರು. ಅದರ ಕೆಳಗೆ ಕಟ್ಟಿಸಿದವರು ಎಂದು ದೊಡ್ಡಪ್ಪನ ಹೆಸರು, ತಾತನದಕ್ಕಿಂತ ಒಂದು ನೂಲು ದಪ್ಪ.

ಅವಳಿಗೆ ಮಾತೇ ಕಡಿಮೆ. ದೊಡ್ಡಪ್ಪ ಅವಳನ್ನು ಕರೆಯುವುದು ಮೂಗಿ ಎಂದು.

ಹೋದ ವರ್ಷ ಅಮ್ಮ ತೀರಿಕೊಂಡಾಗ ಮಾತ್ರ ಮೂಗಿ ಬಾಯಿ ಬಿಟ್ಟಿದ್ದಳು. ಅಂಗಡಿಯ ಹಿಂದೆ ಬಿದ್ದ ಚೂರುಗಳಲ್ಲಿ ಮೊಳದುದ್ದದ ಒರಟು ಕಲ್ಲೊಂದನ್ನು ಆರಿಸಿ, ಸೊಂಟಕ್ಕೆ ಆನಿಸಿ ಹೊತ್ತು ತಂದು, "ದೊಡ್ಡಪ್ಪ, ಇದನ್ನ ಅಮ್ಮನ ತಲೆ ಹತ್ತಿರ ನೆಡಿಸಿ. ಗುರುತಿಗೆ" ಎಂದಿದ್ದಳು.

"ಗುರುತು ಗಿರುತು ನಮ್ಮಲ್ಲಿಲ್ಲ," ಎಂದರು ದೊಡ್ಡಪ್ಪ. "ಗೋರಿ ಅಂದರೆ ಮಣ್ಣು. ಇವತ್ತು ಕಲ್ಲು ನೆಡ್ತೀರಿ, ನಾಳೆ ಹೂ ಹಾಕ್ತೀರಿ, ನಾಡಿದ್ದು ಅದರ ಮುಂದೇ ಬೇಡಿಕೊಳ್ತೀರಿ. ದೊಡ್ಡ ಪಾಪ ಅದು."

ಮಸೀದಿ, ಖಬರಸ್ತಾನ ಎರಡರ ಕಮಿಟಿಗೂ ಅವರೇ ಅಧ್ಯಕ್ಷರು. ಅಪ್ಪ ಅವರ ತಮ್ಮ. ದುಡಿಮೆ ಅವರ ಅಂಗಡಿಯಲ್ಲಿ, ವಾಸ ಅವರ ಮನೆಯ ಹಿಂದಿನ ಕೋಣೆಯಲ್ಲಿ. ಅಪ್ಪ ತಲೆ ತಗ್ಗಿಸಿ ನಿಂತಿದ್ದರು. ಕಲ್ಲು ಬಂದ ದಾರಿಯಲ್ಲೇ ವಾಪಸಾಯಿತು. ಅಂಥದ್ದನ್ನು ಕೇಳಿದ ತಪ್ಪಿಗೆ ಅವಳು ಎಷ್ಟೋ ದಿನ ನಮಾಜಿನ ಕೊನೆಯಲ್ಲಿ ಕ್ಷಮೆ ಬೇಡಿದಳು.

ಅಮ್ಮನ ಮಣ್ಣಿನ ದಿಬ್ಬ ಕರಗುವ ಮೊದಲೇ ತಾತ ಹೋದರು. ಹಾಸಿಗೆ ಹಿಡಿದಿದ್ದ ಅವರಿಗೆ ಉಣಿಸಿ, ಮೈ ಒರೆಸಿ, ಹೇಲು ಉಚ್ಚೆ ಬಳಿದವಳು ಅಮ್ಮ. "ನನ್ನನ್ನ ಸೊಸೆ ಪಕ್ಕದಲ್ಲೇ ಮಲಗಿಸಿ" ಎಂದು ತಾತ ಕೇಳಿಕೊಂಡಿದ್ದರು. ಹಾಗೇ ಮಾಡಿದರು. ಖಬರಸ್ತಾನದ ಒಳಗೆ ಹೆಂಗಸರು ಹೋಗುತ್ತಿರಲಿಲ್ಲ. ಅವಳು ಬಟ್ಟೆ ಒಣಹಾಕುವ ನೆಪದಲ್ಲಿ ಮಹಡಿ ಹತ್ತಿ ದಿನಾ ನೋಡುತ್ತಿದ್ದಳು. ಕಾಂಪೌಂಡ್ ಗೋಡೆಯ ಕಡೆ ತಾತ, ಗೇಟಿನ ಕಡೆ ಅಮ್ಮ. ಮಳೆ ಹೊಡೆದು ದಿಬ್ಬಗಳು ಕೂತವು, ಹುಲ್ಲು ಬಂತು, ಎರಡೂ ನೆಲವೇ ಆದವು. ಅವಳ ಕಣ್ಣು ಮಾತ್ರ ಆ ಜಾಗ ಬಿಡಲಿಲ್ಲ.

ಅವಳು ಚಪ್ಪಡಿ ಒರೆಸುತ್ತಿದ್ದಾಗಲೇ ಮಸೀದಿಯ ಮೌಲ್ವಿ ಅಂಗಡಿಗೆ ಬಂದರು. ಸಾಲಾಗಿ ಒರಗಿಸಿದ್ದ ಚಪ್ಪಡಿಗಳನ್ನು ನೋಡಿ ನಕ್ಕರು.

"ಏನು ಹಾಜಿ ಸಾಹೇಬ್ರೇ, ಯಾರ ಮನೆ ಅಡುಗೆ ಕಟ್ಟೆ ಇದು? ಭಾರೀ ಚೆನ್ನಾಗಿದೆ."

"ನಮ್ಮಪ್ಪನ ಗೋರಿಗೆ," ಎಂದರು ದೊಡ್ಡಪ್ಪ. "ಬನ್ನಿ, ಚಹಾ ತಗೊಳ್ಳಿ."

ಮೌಲ್ವಿಯ ನಗು ಅರ್ಧಕ್ಕೇ ನಿಂತಿತು. "ಗೋರಿ ಮೇಲೆ ಕಟ್ಟೋದು, ಗಾರೆ ಮಾಡೋದು ಬೇಡ ಅಂತ ಪ್ರವಾದಿಗಳೇ ತಡೆದಿದ್ದಾರೆ. ಬರೆಯೋದೂ ಸರಿಯಲ್ಲ. ಅದೂ ಅಲ್ಲದೆ ಆ ನೆಲ ಎಲ್ಲರದು. ಒಬ್ಬರು ಕಟ್ಟಿಕೊಂಡರೆ ಇನ್ನೊಬ್ಬರ ಜಾಗ ಹೋಗುತ್ತೆ."

"ಹಾಗಾದರೆ ನಮ್ಮಪ್ಪ ಎಲ್ಲಿದ್ದಾರೆ ಅಂತ ನನಗೇ ಗೊತ್ತಾಗಬಾರದಾ?"

"ಗೊತ್ತಾಗಲಿ. ಅದಕ್ಕೆ ತಲೆ ಹತ್ತಿರ ಒಂದು ಕಲ್ಲು ಸಾಕು. ಒಡನಾಡಿಯೊಬ್ಬರ ಗೋರಿಗೆ ಪ್ರವಾದಿಗಳು ತಾವೇ ತೋಳೇರಿಸಿ ಕಲ್ಲು ಎತ್ತಿ ತಂದಿಟ್ಟರು. ಗುರುತು ಇರಲಿ, ನಮ್ಮವರನ್ನ ಇದರ ಪಕ್ಕದಲ್ಲೇ ಮಣ್ಣು ಮಾಡೋಣ ಅಂದರು."

ಬಟ್ಟೆ ಹಿಡಿದ ಕೈ ನಿಂತಿತು. ಪಾಪವಲ್ಲದ ಪಾಪಕ್ಕೆ ಎಷ್ಟು ದಿನ ಅತ್ತಿದ್ದಳು! ಕ್ಷಮೆ ಕೇಳಿದ್ದನ್ನು ವಾಪಸು ಪಡೆಯುವ ಹಾಗಿದ್ದರೆ ಅವಳು ಆಗಲೇ ಪಡೆಯುತ್ತಿದ್ದಳು. ಮಷೀನಿನ ಹತ್ತಿರ ನಿಂತ ಅಪ್ಪನನ್ನು ನೋಡಿದಳು. ಅಪ್ಪ ಬ್ಲೇಡಿಗೆ ಅಂಟಿದ ಕೆಸರು ಕೆರೆಯುತ್ತಿದ್ದರು.

ದೊಡ್ಡಪ್ಪ ಚಹಾದ ಲೋಟ ಮುಂದೆ ಸರಿಸಿದರು. "ಅದಿರಲಿ ಮೌಲ್ವಿಗಳೇ. ನಿಮ್ಮ ಮನೆ ಸೂರು ಸೋರ್ತಿದೆ ಅಂದಿದ್ರಲ್ಲ? ಮುಂದಿನ ಕಮಿಟಿ ಮೀಟಿಂಗಲ್ಲಿ ಮಾತಾಡೋಣ."

ಮೌಲ್ವಿ ಲೋಟ ತೆಗೆದುಕೊಂಡರು. ಒಂದು ಗುಟುಕು ಕುಡಿದರು. "ಆದಷ್ಟು ತಗ್ಗಾಗಿ ಕಟ್ಟಿಸಿ," ಎಂದರು.

"ನೆಲದಿಂದ ಒಂದು ಮೊಳ ಅಷ್ಟೇ. ನಾಯಿ ನುಗ್ಗಬಾರದು ನೋಡಿ."

ನಾಯಿ ನುಗ್ಗಬಾರದು ಎಂದು ಗಿಳಿಹಸಿರು ಅಂಚಿನ ಮಾರ್ಬಲ್! ಅವಳು ಮತ್ತೆ ಒರೆಸತೊಡಗಿದಳು, ಅಕ್ಷರ ಅಳಿಸಿಹೋಗಲಿ ಎನ್ನುವಷ್ಟು ಜೋರಾಗಿ.

ಆಗ ಮೇಸ್ತ್ರಿ ಬಂದ. ಮೊಣಕಾಲ ತನಕ ಮಣ್ಣು. "ಪಾಯ ಅಗೆದಾಯ್ತು ಸಾವ್ಕಾರ್ರೇ, ಕಲ್ಲು ಕಳಿಸಿ. ದೊಡ್ಡವರ ಗೋರಿಯಿಂದ ಆಚೆ, ಗೋಡೆ ಕಡೆ, ನೆಲ ಅಲ್ಲ ಅದು, ಬಂಡೆ. ಕೈಯೆಲ್ಲ ಬೊಬ್ಬೆ. ಗೇಟ್ ಕಡೆ ಮಾತ್ರ ಹಾರೆ ಬೆಣ್ಣೆಗೆ ಇಳಿದ ಹಾಗೆ ಇಳೀತು. ಅಷ್ಟು ಮೆತ್ತಗೆ."

ಅವಳು ಎದ್ದು ನಿಂತಳು. ಬಟ್ಟೆಯಿಂದ ಬಿಳಿ ನೀರು ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು.

"ಗೇಟ್ ಕಡೆ ಇರೋದು ನಮ್ಮಮ್ಮ," ಎಂದಳು.

ದೊಡ್ಡಪ್ಪನ ಮುಖದ ಮೇಲೆ ಒಂದು ಗಳಿಗೆ ಏನೋ ಹಾದುಹೋಯಿತು. "ಅವಳು ಗೋಡೆ ಕಡೆ ಅಲ್ವಾ? ಅವಳಿಗೆ ಜಾಗ ಬಿಡೋಣ ಅಂತಲೇ ನಾನು ಕಟ್ಟೇನ ಗೇಟ್ ಕಡೆಗೆ ಅಗಲ ಮಾಡಿಸಿದ್ದು."

"ತಾತನಿಂದ ಆಚೆ ಗೋಡೆ ಕಡೆ ಬರೀ ಬಂಡೆ ಅಂತ ಈಗ ಮೇಸ್ತ್ರಿ ಹೇಳಿದ್ರಲ್ಲ, ದೊಡ್ಡಪ್ಪ. ಅಲ್ಲಿ ಯಾರನ್ನೂ ಹೂಳಿಲ್ಲ."

ಮೇಸ್ತ್ರಿ ತನ್ನ ಕೈಯ ಮಣ್ಣನ್ನು ನೋಡಿಕೊಂಡ. ನಿಧಾನಕ್ಕೆ ಅದನ್ನು ಲುಂಗಿಗೆ ಒರೆಸಿದ.

"ಬಾಯಿ ಬಂತಲ್ಲ ಮೂಗಿಗೆ!" ದೊಡ್ಡಪ್ಪನ ದನಿ ಏರಿತು. "ನೀನೇನು ಒಳಗೆ ಬಂದು ನೋಡಿದ್ದೀಯಾ? ಅಲ್ಲೇ ಇದ್ದಾಳೆ ಅನ್ನೋದಕ್ಕೆ ಗುರುತು ಏನಿದೆ?"

ಅವಳು ಅಂಗಡಿಯ ಹಿಂದಕ್ಕೆ ಹೋದಳು. ಚೂರುಗಳ ರಾಶಿಯಲ್ಲಿ ಆ ಒರಟು ಕಲ್ಲು ಇನ್ನೂ ಇತ್ತು, ಒಂದು ಮಗ್ಗುಲಿಗೆ ಪಾಚಿ ಹತ್ತಿತ್ತು. ಹೊತ್ತು ತಂದು ಅಪ್ಪನ ಕಾಲ ಬಳಿ ಇಳಿಸಿದಳು. ಅಮ್ಮನನ್ನು ಗುಂಡಿಯೊಳಗೆ ನಿಂತು ಇಳಿಸಿಕೊಂಡವರು ಅಪ್ಪ. ಇವತ್ತು ಬೆಳಿಗ್ಗೆ ಪಾಯದ ಗೆರೆ ಎಳೆಯುವಾಗ ದಾರದ ಇನ್ನೊಂದು ತುದಿ ಹಿಡಿದು ನಿಂತವರೂ ಅಪ್ಪನೇ.

ಮೌಲ್ವಿ ಖಾಲಿ ಲೋಟವನ್ನು ತಿರುಗಿಸುತ್ತ ಕೂತಿದ್ದರು. ದೊಡ್ಡಪ್ಪ ತಮ್ಮನನ್ನೇ ನೋಡುತ್ತಿದ್ದರು. ಅಪ್ಪ ಬಗ್ಗಿ ಮಷೀನಿನ ನೀರಿನ ನಲ್ಲಿ ತಿರುಗಿಸಿದರು. ಬ್ಲೇಡಿನ ಕೆಳಗೆ ಕೊಯ್ಯಲು ಕಲ್ಲೇ ಇರಲಿಲ್ಲ.

"ಅಪ್ಪಾ, ಅಮ್ಮ ಯಾವ ಕಡೆ ಅಂತ ನೀವು ಹೇಳಿ."