ಬಾಟ್ಲಿ ತಂಬಿಯ ಅರ್ಧ ಹಾಡು

ಬೂದಿಕೋಟೆಯ ಹಾಲಿನ ಸೊಸೈಟಿ ಸೆಕ್ರೆಟರಿ ಮುನಿನಾರಾಯಣಪ್ಪನಿಗೆ ಐವತ್ತಾರನೇ ವಯಸ್ಸಿನಲ್ಲಿ ಇಂಗ್ಲಿಷ್ ಗಿಟಾರಿನ ಹುಚ್ಚು ಹಿಡಿಯಿತು ಎಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ಜೀವಮಾನದಲ್ಲಿ ಒಂದು ಸಿನಿಮಾ ಹಾಡನ್ನು ಪೂರ್ತಿ ಗುನುಗಿದ ಆಸಾಮಿಯಲ್ಲ. ಹಾಲಿಗೆ ನೀರು ಬೆರೆಸಿ ತಂದವರನ್ನು ಮಾತ್ರ ಲ್ಯಾಕ್ಟೋಮೀಟರ್ ಅದ್ದುವ ಮೊದಲೇ, ಕ್ಯಾನು ಇಳಿಸುವಾಗಿನ ಮುಖ ನೋಡಿಯೇ ಹಿಡಿದುಬಿಡುತ್ತಿದ್ದ. ಅದೊಂದು ವಿದ್ಯೆ ಬಿಟ್ಟರೆ ಬೇರೆ ಯಾವ ಕಲೆಯ ಗಂಧಗಾಳಿಯೂ ಅವನಿಗಿರಲಿಲ್ಲ.

ಹಾಡು ಇದ್ದದ್ದು ಅವನ ಹೆಂಡತಿ ಚಿಕ್ಕವೆಂಕಟಮ್ಮನ ಗಂಟಲಲ್ಲಿ. ಸುತ್ತಮುತ್ತ ಯಾರ ಮನೆಯ ಮದುವೆಯಾದರೂ ಸೋಬಾನೆ ಪದಕ್ಕೆ ಅವಳೇ ಆಗಬೇಕು. ಅರ್ಧ ಕನ್ನಡ, ಅರ್ಧ ತೆಲುಗು. ಯಾವುದು ಎಲ್ಲಿ ಮುಗಿದು ಯಾವುದು ಎಲ್ಲಿ ಶುರುವಾಯಿತೆಂದು ಕೇಳುವವರಿಗೂ ಬೇಕಿರಲಿಲ್ಲ. ದಪ್ಪ ಗಂಟಲು. ಚಪ್ಪರದ ಈ ತುದಿಯಲ್ಲಿ ಅವಳು ಎತ್ತಿದರೆ ಆ ತುದಿಯಲ್ಲಿ ಅಡುಗೆಯವರು ಸೌಟು ನಿಲ್ಲಿಸುತ್ತಿದ್ದರು.

ಎಂಬತ್ತನಾಲ್ಕನೇ ಇಸವಿಯಲ್ಲಿ ಮುನಿನಾರಾಯಣಪ್ಪ ಒಂದು ಟೂ-ಇನ್-ಒನ್ ಟೇಪ್ ರೆಕಾರ್ಡರ್ ಕೊಂಡ. ರೇಡಿಯೋದಲ್ಲಿ ರೈತರ ಕಾರ್ಯಕ್ರಮ ಕೇಳುವುದಕ್ಕೆಂದು ತಂದದ್ದು, ಆಮೇಲೆ ಹೆಂಡತಿಯ ಪದಗಳನ್ನೂ ಹಿಡಿದಿಡಬಹುದಲ್ಲ ಅನ್ನಿಸಿತು. ಬಂಗಾರಪೇಟೆಯ ರೇಡಿಯೋ ರಿಪೇರಿ ಅಂಗಡಿಯಲ್ಲಿ ಒಂದು ಹಳೇ ಕ್ಯಾಸೆಟ್ ಸಿಕ್ಕಿತು. ಹಾಕಿ ನೋಡಿದರೆ ರೆಕಾರ್ಡ್ ಬಟನ್ ಕೆಳಗಿಳಿಯಲೇ ಇಲ್ಲ.

"ಮ್ಯಾಲಿನ ಎಲ್ಡು ಕಿಂಡಿ ಮುಚ್ಚಳ ಮುರ್ದವ್ರೆ ನೋಡಣ್ಣ. ಯಾರೂ ಅಳಿಸ್ಬಾರ್ದು ಅಂತ ಇಂಗೆ ಮುರೀತಾರೆ," ಎಂದ ಅಂಗಡಿಯವನು. "ಅದ್ಕೇನು, ಕಾಗ್ದ ತುರುಕಿದ್ರೆ ಆಯ್ತು."

ಮುನಿನಾರಾಯಣಪ್ಪನ ಜೇಬಿನಲ್ಲಿದ್ದ ಬಸ್ ಟಿಕೆಟನ್ನೇ ಎರಡು ಚೂರು ಮಾಡಿ, ಮಡಿಸಿ, ಎರಡೂ ಕಿಂಡಿಗೆ ತುರುಕಿ ಕೊಟ್ಟ. ಬಟನ್ ಇಳಿಯಿತು. ಯಾರು ಏನನ್ನು ಅಳಿಸಬಾರದು ಅಂದುಕೊಂಡಿದ್ದರು ಎಂದು ಕೇಳಬೇಕೆಂಬ ಬುದ್ಧಿ ಮುನಿನಾರಾಯಣಪ್ಪನಿಗೆ ಅವತ್ತು ಬರಲಿಲ್ಲ.

ಚಿಕ್ಕವೆಂಕಟಮ್ಮ ನಾಚಿಕೊಂಡು, ಬಾಯಿಗೆ ಸೆರಗು ಅಡ್ಡ ಹಿಡಿದು ಐದು ಪದ ಹಾಡಿದಳು. ಐದನೆಯದು ಮುಗಿದ ಉಸಿರಲ್ಲೇ, "ಸಾಕು ನಿಲ್ಸಿ, ಒಲೆ ಮ್ಯಾಲೆ ಆಲೈತೆ!" ಎಂದಳು. ಅದೂ ದಾಖಲಾಯಿತು. ಇನ್ನೊಂದು ಮಗ್ಗುಲಿಗೆ ಅವನು ರೇಡಿಯೋದ ಹರಿಕಥೆ ತುಂಬಿಸಿದ.

ನಾಲ್ಕು ವರ್ಷಕ್ಕೆ ಅವಳು ಕಾಮಾಲೆಯಾಗಿ ಹದಿನೈದು ದಿನದಲ್ಲಿ ಹೋಗಿಬಿಟ್ಟಳು. ಮುನಿನಾರಾಯಣಪ್ಪ ಅಳಲಿಲ್ಲ. ಕಲ್ಲು ಮನುಷ್ಯ ಎಂದರು ಜನ. ಅಳು ಎಲ್ಲಿ ಸಿಕ್ಕಿಹಾಕಿಕೊಂಡಿತ್ತೋ ಅವನಿಗೇ ಗೊತ್ತಿರಲಿಲ್ಲ. ಸಾಯಂಕಾಲದ ಹಾಲು ಅಳೆದು ಮನೆಗೆ ಬಂದವನು ದಿನಾ ಕ್ಯಾಸೆಟ್ ಹಾಕುತ್ತಿದ್ದ. ಐದು ಪದ ಆಗಿ, "ಸಾಕು ನಿಲ್ಸಿ" ಎಂದು ಅವಳು ಅಂದ ಕೂಡಲೇ ನಿಲ್ಲಿಸುತ್ತಿದ್ದ. ಬದುಕಿದ್ದಾಗ ಅವಳ ಮಾತನ್ನು ಇಷ್ಟು ಚಾಚೂ ತಪ್ಪದೆ ಕೇಳಿದವನಲ್ಲ.

ಹೀಗೆ ನಾಲ್ಕು ವರ್ಷ. ತೊಂಬತ್ತೆರಡರ ಒಂದು ಸಾಯಂಕಾಲ ಅವನ ಎರಡೂ ಕೈಗೆ ರಾಗಿ ಹಿಟ್ಟು ಮೆತ್ತಿಕೊಂಡಿತ್ತು. ಹೆಂಡತಿ ಹೋದ ಮೇಲೆ ಮುದ್ದೆ ಕಟ್ಟುವುದನ್ನು ಕಲಿತಿದ್ದ, ಆದರೆ ಗಂಟಿಲ್ಲದ ಮುದ್ದೆ ಇನ್ನೂ ಅವನ ಕೈಗೆ ಒಲಿದಿರಲಿಲ್ಲ. "ಸಾಕು ನಿಲ್ಸಿ" ಎಂದಳು ಅವಳು. "ತಾಳು, ಕೈ ತೊಳ್ಕೊತೀನಿ," ಎಂದ ಇವನು, ನಿಜವಾಗಿ ಬಾಯಿಬಿಟ್ಟು. ಟೇಪು ತಾಳಲಿಲ್ಲ. ಟಕ್ ಎಂದಿತು, ಮತ್ತೆ ಯಾರೋ ಅಳತೊಡಗಿದರು.

ಅಳು ಅಂತಲೇ ಅವನು ತಿಳಿದದ್ದು. ಗಿಟಾರು ಎಂದು ಗೊತ್ತಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಒಂದೇ ತಂತಿ, ಒಂದು ಸ್ವರದಿಂದ ಇನ್ನೊಂದಕ್ಕೆ ನೆಗೆಯದೆ ಜಾರಿಕೊಂಡು, ಮೇಲೆ ಹೋಗಿ, ಅಲ್ಲಿ ನಿಲ್ಲಲಾರದೆ ಇಳಿದು, ಮತ್ತೆ ಮೇಲೆ ಹೋಗುತ್ತಿತ್ತು. ಹಿಂದೆ ಡ್ರಮ್ಮು. ನಾಲ್ಕು ನಿಮಿಷ. ಮುಗಿದಾಗ ಮುದ್ದೆ ತಳ ಹಿಡಿದಿತ್ತು, ಮುನಿನಾರಾಯಣಪ್ಪ ಹಿಟ್ಟಿನ ಕೈಯಲ್ಲೇ ಕೂತಿದ್ದ. ಹೆಂಡತಿ ಬೇಕು ಅನ್ನಿಸಿತು ಅವನಿಗೆ. ಅಷ್ಟೇ. ನಾಲ್ಕು ವರ್ಷದಲ್ಲಿ ಅದನ್ನು ಅಷ್ಟು ನೇರವಾಗಿ ಮನಸ್ಸಿಗೆ ಯಾರೂ ಹೇಳಿರಲಿಲ್ಲ.

ಅಲ್ಲಿಂದ ಹಿಡಿಯಿತು ಹುಚ್ಚು. ಆ ನಾಲ್ಕು ನಿಮಿಷವನ್ನು ದಿನಾ ಕೇಳಿದ. ಕೇಳಿದಷ್ಟೂ ಒಂದು ಸಂಕಟ ಬಲಿಯಿತು: ಈ ಹಾಡಿಗೆ ಮೊದಲಿಲ್ಲ. ನಡುವಿನಿಂದ ಶುರುವಾಗುತ್ತದೆ. ಅದರ ಮೊದಲ ಭಾಗವನ್ನು ಅಳಿಸಿದವನು ತಾನೇ, ಅಳಿಸಿದ ಜಾಗದಲ್ಲಿ ಇರುವವಳು ಚಿಕ್ಕವೆಂಕಟಮ್ಮ. ಅಯ್ಯೋ ಅಳಿಸಬಾರದಿತ್ತು ಎನ್ನುವುದಕ್ಕೂ ಬಾಯಿ ಬರುವುದಿಲ್ಲ. ಆದರೂ ಆ ಮೊದಲನ್ನು ಒಂದೇ ಒಂದು ಸಲ ಕೇಳಬೇಕು, ಅಷ್ಟು ಸಿಕ್ಕರೆ ಸಾಕು ಎಂದು ಜೀವ ಹಂಬಲಿಸಿತು.

ಹಾಲು ಹಾಕಲು ಬರುವ ಚೆನ್ನಕೇಶವನಿಗೆ ಒಂದು ದಿನ ಕೇಳಿಸಿದ. "ಇದೇನಣ್ಣೋ, ಬೆಕ್ಕಿನ ಬಾಲ ಬಾಗ್ಲಿಗೆ ಸಿಕ್ಕಾಕ್ಕೊಂಡಂಗೈತೆ!" ಎಂದು ನಕ್ಕ ಅವನು. ಮುನಿನಾರಾಯಣಪ್ಪ ಬಂಗಾರಪೇಟೆಯ ಮೂರು ಕ್ಯಾಸೆಟ್ ಅಂಗಡಿಗೂ ಹೋಗಿಬಂದ. ಮೂವರೂ ತಲೆಯಾಡಿಸಿದರು. ಇದನ್ನು ಮಾರಿದ ರಿಪೇರಿ ಅಂಗಡಿ ಯಾವಾಗಲೋ ಮುಚ್ಚಿಹೋಗಿತ್ತು.

ಕಡೆಗೆ ಕ್ಯಾಸೆಟ್ಟಿನ ಮೇಲೆ ತಾನೇ ಅಂಟಿಸಿದ್ದ "ಚಿಕ್ಕವೆಂಕಟಮ್ಮನ ಪದಗಳು" ಎಂಬ ಚೀಟಿಯನ್ನು ಒದ್ದೆ ಬಟ್ಟೆಯಿಟ್ಟು ಮೆಲ್ಲಗೆ ಬಿಡಿಸಿದ. ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ನೀಲಿ ಶಾಯಿ: ಪಿ. ಪೆರುಮಾಳ್, ನಂದಿದುರ್ಗ. ಬೆಟ್ಟದ ನಂದಿದುರ್ಗವಲ್ಲ, ಕೆ.ಜಿ.ಎಫ್. ಚಿನ್ನದ ಗಣಿಗಳಲ್ಲಿ ಒಂದರ ಹೆಸರು.

ಭಾನುವಾರ ಬೆಳಗಿನ ಹಾಲು ಕಳಿಸಿದವನೇ ಟೇಪ್ ರೆಕಾರ್ಡರನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದ. ಬಂಗಾರಪೇಟೆಯಲ್ಲಿ ಇಳಿದು ಕೆ.ಜಿ.ಎಫ್. ರೈಲು ಹಿಡಿದ. ಚಿನ್ನ ತೆಗೆದುಳಿದ ಮಣ್ಣು ಸುರಿದ ಸೈನೈಡ್ ಗುಡ್ಡದ ಬುಡದಲ್ಲಿ, ಗಣಿ ಕೆಲಸಗಾರರ ಲೈನ್ ಮನೆಗಳಲ್ಲಿ ಪೆರುಮಾಳ್ ಎಂದು ಕೇಳಿದರೆ ಏಳು ಜನ ಸಿಕ್ಕರು. ಗಿಟಾರು ಎಂದ ಮೇಲೆ ಒಬ್ಬನೇ ಉಳಿದ.

ಬಾಗಿಲಿಗೆ ಬಂದವಳು ಪೆರುಮಾಳನ ಹೆಂಡತಿ ಕದಿರಮ್ಮ. "ವಾಂಗಣ್ಣಾ, ಒಳಗೆ ಬನ್ನಿ. ಆದ್ರೆ ಅವ್ರಿಗೆ ಕಿವಿ ಕೇಳ್ಸಲ್ಲ. ಇಪ್ಪತ್ತೆಂಟು ವರ್ಷ ಗಣಿಯೊಳಗೆ ಡ್ರಿಲ್ಲಿಂಗ್ ಮಿಷಿನ್ ಇಡಿದವ್ರು. ಪೂರ್ತಿ ಓಯ್ತು."

ಮುನಿನಾರಾಯಣಪ್ಪನ ಕಾಲು ಹೊಸಿಲಲ್ಲೇ ನಿಂತಿತು. ಇಷ್ಟು ದೂರ ಬಂದದ್ದು ಕಿವುಡನ ಹತ್ತಿರಕ್ಕೆ!

ಪೆರುಮಾಳ್ ತೆಳ್ಳಗಿನ ಮುದುಕ, ತಗಡಿನ ಮಾಡಿನ ಕೆಳಗೆ ಸ್ಟೂಲಿನ ಮೇಲೆ ಕೂತಿದ್ದ. ಡ್ರಿಲ್ಲು ಓಡುವಾಗ ಗಣಿಯೊಳಗೆ ಬಾಯಿಮಾತು ನಡೆಯುವುದಿಲ್ಲ, ಕೈಸನ್ನೆಯೇ. ಆ ಸನ್ನೆ ಈಗ ಮನೆಗೂ ಬಂದಿತ್ತು. ಕದಿರಮ್ಮ ಎಲ್ಲವನ್ನೂ ಕೈಯಲ್ಲೇ ಗಂಡನಿಗೆ ಮುಟ್ಟಿಸುತ್ತಿದ್ದಳು. ಕ್ಯಾಸೆಟ್ ಕೈಗೆ ಬಂದದ್ದೇ ಅವನ ಹೆಬ್ಬೆರಳು ಸೀದಾ ಆ ಎರಡು ಕಿಂಡಿಗೆ ಹೋಯಿತು. ಕಾಗದ ತಗುಲಿತು. ತಲೆಯೆತ್ತಿ ನೋಡಿದ.

ಅಂಗಡಿಯವನೇ ಅಳಿಸಿಕೊಟ್ಟ ಎಂದುಬಿಡೋಣವೇ ಎಂದು ಮುನಿನಾರಾಯಣಪ್ಪನಿಗೆ ಒಂದು ಕ್ಷಣ ಅನ್ನಿಸಿತು. ಆದರೆ ನೀರು ಬೆರೆಸಿದವರ ಮುಖ ಹೇಗಿರುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಎದುರಿಗಿದ್ದವನೂ ಮುಖವನ್ನೇ ನೋಡುತ್ತಿದ್ದ. ಅಳಿಸಿದ್ದು ತಾನೇ ಎಂಬಂತೆ ಮುನಿನಾರಾಯಣಪ್ಪ ಬೆರಳನ್ನು ತನ್ನ ಎದೆಗೆ ಮುಟ್ಟಿಸಿಕೊಂಡ.

"ಇದನ್ನ ಮುರ್ದಿದ್ದು ನಾನೇ," ಎಂದ ಪೆರುಮಾಳ್, ಕಿವುಡರ ಎತ್ತರದ ದನಿಯಲ್ಲಿ. "ನಮ್ಮ ಫೋರ್ಮನ್ ದೊರೆ ಆಸ್ಟ್ರೇಲಿಯಾಕ್ಕೆ ಓಗ್ತಾ ಕೊಟ್ಟಿದ್ದು. ಕಿವಿ ಓದ ಮೇಲೆ ಕ್ಯಾಸೆಟ್ ಎಲ್ಲಾ ಮಾರ್ಬಿಟ್ಟೆ. ಮನೇಲಿ ಸುಮ್ನೆ ಇದ್ರೆ ಒಟ್ಟೆ ಉರೀತಿತ್ತು. ಇದ್ರ ಮೇಲೆ ಏನ್ ತುಂಬಿದ್ರಿ? ಸಿನಿಮಾ ಪಾಟಾ?"

"ನನ್ನ ಹೆಂಡ್ತಿ ಪದ."

"ಅಕ್ಕ ಬರ್ಲಿಲ್ವಾ ಜೊತೇಲಿ?" ಎಂದಳು ಕದಿರಮ್ಮ.

"ಇಲ್ಲಮ್ಮ. ಓಗಿ ನಾಕು ವರ್ಸ ಆಯ್ತು."

ಗಂಡನಿಗೆ ತಿಳಿಸಲು ಎತ್ತಿದ್ದ ಕದಿರಮ್ಮನ ಕೈ ಹಾಗೇ ಇಳಿಯಿತು. ಪೆರುಮಾಳನಿಗೆ ಅಷ್ಟೇ ಸಾಕಾಯಿತು. ಕ್ಯಾಸೆಟ್ಟನ್ನು ಟೇಪ್ ರೆಕಾರ್ಡರಿನ ಕಡೆ ಚಾಚಿ "ಆಕಿ," ಎಂದ.

ಕ್ಯಾಸೆಟ್ ಓಡಿತು. ಪೆರುಮಾಳ್ ಬಾಗಿ ಸ್ಪೀಕರಿನ ಮೇಲೆ ಅಂಗೈಯಿಟ್ಟ. ಒಂದು ಪದ, ಎರಡು ಪದ, ಅಂಗೈ ತೆಗೆಯಲಿಲ್ಲ. ಮೂರನೆಯದರ ನಡುವೆ, "ದಪ್ಪ ಗಂಟ್ಲು ಅಲ್ವಾ ಸಾರ್ ಅವ್ರದ್ದು? ತಮಟೆ ಮೇಲೆ ಕೈಯಿಟ್ಟಂಗೈತೆ," ಎಂದ.

ನಾಲ್ಕು ವರ್ಷದಲ್ಲಿ ಅವಳ ಗಂಟಲಿನ ಮಾತನ್ನು ಬೇರೆ ಯಾರೂ ಎತ್ತಿರಲಿಲ್ಲ. ಎತ್ತಿದವನು ಒಬ್ಬ ಕಿವುಡ. ಮುನಿನಾರಾಯಣಪ್ಪ ಹೌದು ಎಂದು ತಲೆಯಾಡಿಸಲು ಹೋಗಿ ಗೊಳೋ ಎಂದು ಅತ್ತುಬಿಟ್ಟ. ಕಲ್ಲು ಮನುಷ್ಯ ಎಂದವರು ಅವತ್ತು ನೋಡಬೇಕಿತ್ತು. ಕದಿರಮ್ಮ ಒಂದು ಲೋಟ ನೀರು ತಂದಿಟ್ಟಳು.

"ಸಾಕು ನಿಲ್ಸಿ, ಒಲೆ ಮ್ಯಾಲೆ ಆಲೈತೆ!" ಟಕ್. ಗಿಟಾರು ಶುರುವಾಯಿತು. ಅಂಗೈಯ ಕೆಳಗಿನ ನಡುಕ ಬದಲಾದದ್ದೇ ಪೆರುಮಾಳನ ಮುಖ ಇಪ್ಪತ್ತು ವರ್ಷ ಹಿಂದಕ್ಕೆ ಹೋಯಿತು. ತುಟಿ ಮುಂದೆ ಮಾಡಿ ಸಿಳ್ಳೆ ಹಾಕತೊಡಗಿದ. ಕೇಳದ ಕಿವಿಯವನ ಸಿಳ್ಳೆ ಗಿಟಾರಿನ ಜೊತೆಯಲ್ಲೇ ಜಾರಿತು, ಜೊತೆಯಲ್ಲೇ ಏರಿತು, ಎಲ್ಲೂ ಒಂದು ಕೂದಲೆಳೆ ತಪ್ಪದೆ ಕೊನೆ ಮುಟ್ಟಿತು.

"ಯಾರು ಇವ್ನು?" ಎಂದು ಕೇಳಿದ ಮುನಿನಾರಾಯಣಪ್ಪ. ಕದಿರಮ್ಮನ ಕೈ ಕೇಳಿತು.

"ಅಮೆರಿಕಾದಾಗೆ ಕೆಳಗಡೆ ಸೀಮೆ, ನೂಲಿನ ಅತ್ತಿ ಬೆಳಿಯೋ ಕಡೆಯವ್ನು. ಎಸ್ರು ದೊರೆ ಏಳಿದ್ರು, ನನ್ನ ಬಾಯಿಗೆ ತಿರುಗ್ತಿರ್ಲಿಲ್ಲ. ಬೆರಳಿಗೆ ಗಾಜಿನ ಬಾಟ್ಲಿ ಸಿಗ್ಸಿ ತಂತಿ ಮೇಲೆ ಜಾರಿಸ್ತಾನಂತೆ. ಅದ್ಕೇ ನಾನು ಬಾಟ್ಲಿ ತಂಬಿ ಅಂತಿದ್ದೆ. ಚಿಕ್ಕ ವಯಸ್ಸಿಗೇ ಓಗ್ಬಿಟ್ಟ, ಪಾವಂ."

"ಇದರ ಮೊದಲು? ಮೊದಲು ಎಂಗಿತ್ತು?"

ಪೆರುಮಾಳ್ ಲೋಟದ ನೀರನ್ನು ತಾನೇ ಕುಡಿದು ತುಟಿ ಒರೆಸಿಕೊಂಡು ಶುರುಮಾಡಿದ. ಮುನಿನಾರಾಯಣಪ್ಪ ಸ್ಟೂಲಿನ ಹತ್ತಿರಕ್ಕೆ ಸರಿದು ಕೂತ. ಮೊದಲಿಂದಲೂ ಅಳುವೇ ಇರುತ್ತದೆ ಎಂದುಕೊಂಡಿದ್ದ ಅವನು. ಇಲ್ಲ. ಮೊದಲು ಚೇಷ್ಟೆ ಇತ್ತು. ಗಂಡ ಹೆಂಡತಿ ಸಂತೆ ಮುಗಿಸಿ, ಏನೋ ಮಾತಾಡಿಕೊಂಡು, ಅವಸರವಿಲ್ಲದೆ ಮನೆಗೆ ನಡೆದು ಬರುವ ಹಾಗಿತ್ತು. ಹಾಗೇ ನಡೆಯುತ್ತಾ ನಡೆಯುತ್ತಾ ಒಂದು ತಿರುವಿನಲ್ಲಿ ರಾಗ ಒಂಟಿಯಾಯಿತು. ಅಲ್ಲಿಂದ ಮುಂದಿನದು ಮುನಿನಾರಾಯಣಪ್ಪನಿಗೆ ಗೊತ್ತಿತ್ತು.

ಇದನ್ನು ಹರಿಕಥೆಯ ಮಗ್ಗುಲಿಗೆ ತುಂಬಿಕೊಳ್ಳುತ್ತೇನೆ, ಇನ್ನೊಂದು ಸಲ ಸಿಳ್ಳೆ ಹಾಕಿ ಎಂದು ಬೇಡಿಕೊಂಡ. ಕದಿರಮ್ಮ ತಿಳಿಸಿದಳು. ಪೆರುಮಾಳ್ ಅವಳ ಸೆರಗಿನ ಪಿನ್ನು ಇಸಿದುಕೊಂಡು ಕ್ಯಾಸೆಟ್ಟಿನ ಕಿಂಡಿಗೆ ಹಾಕಿದ. ಮಡಿಸಿದ ಬಸ್ ಟಿಕೆಟ್ಟಿನ ಒಂದು ಚೂರು ಹೊರಗೆ ಬಂತು. ಆಮೇಲೆ ಇನ್ನೊಂದು. ಎರಡನ್ನೂ ಬಾಗಿಲಾಚೆ ಎಸೆದ.

"ಕೈ ತಪ್ಪಿ ಆ ಮಗ್ಗುಲು ಬಟನ್ ಒತ್ತಿದ್ರೆ ಅಮ್ಮ ಅಳಿಸಿ ಓಗ್ತಾರೆ. ನನ್ನದು ಓಯ್ತು, ನಿಮ್ಮದು ಓಗ್ಬಾರ್ದು," ಎಂದು ಕ್ಯಾಸೆಟ್ಟನ್ನು ಅವನ ಕೈಯಲ್ಲಿಟ್ಟು ಮುಚ್ಚಿದ. "ಸಿಳ್ಳೆ ಬಾಯಲ್ಲಿ ಕಲೀರಿ. ತಿಂಗ್ಳಿಗೊಂದು ದಿನ ಬನ್ನಿ. ಬರೋವಾಗ ಅಮ್ಮನ್ನೂ ಕರ್ಕೊಂಡ್ ಬನ್ನಿ."

ಬಂದ. ತಿಂಗಳಿಗೊಂದು ಭಾನುವಾರ, ಚೀಲದಲ್ಲಿ ಟೇಪ್ ರೆಕಾರ್ಡರು, ಕದಿರಮ್ಮನಿಗೆ ಒಂದು ಡಬ್ಬಿ ಗಿಣ್ಣು ಅಥವಾ ಬೆಣ್ಣೆ. ಐವತ್ತಾರರ ತುಟಿಗೆ ಸಿಳ್ಳೆ ಸುಲಭಕ್ಕೆ ಬರುತ್ತದೆಯೇ? ಮೊದಲ ಎರಡು ತಿಂಗಳು ಬರೀ ಗಾಳಿ. ಪೆರುಮಾಳ್ ಅವನ ಬಾಯಿ ಮುಂದೆ ಕೈ ಹಿಡಿದು, ಗಾಳಿಯ ಹದ ನೋಡಿಯೇ ತಪ್ಪು ಹೇಳುತ್ತಿದ್ದ. ಕೊಟ್ಟಿಗೆಯಲ್ಲಿ ಅಭ್ಯಾಸ ಮಾಡಿದರೆ ಸೀಮೆಹಸು ಮೇವು ಬಿಟ್ಟು ತಿರುಗಿ ನೋಡುತ್ತಿತ್ತು. "ಅಣ್ಣಂಗೆ ಪ್ರಾಯ ಬಂದೈತೆ ಕಣ್ರೋ," ಎಂದು ಚೆನ್ನಕೇಶವ ಸೊಸೈಟಿಯ ಸಾಲಿನಲ್ಲಿ ಎಲ್ಲರಿಗೂ ಸಾರಿದ. ಅವನ ಹಾಲಿನಲ್ಲಿ ಅವತ್ತು ನೀರು ಸಿಕ್ಕಿತು.

ದೀಪಾವಳಿ ಕಳೆದ ಮೇಲೆ ಪೆರುಮಾಳ್ ಸರಿ ಎಂದು ತಲೆಯಾಡಿಸಿದ. ಹೊತ್ತು ಲೆಕ್ಕ ಹಾಕಿದರೆ ಆ ಮೊದಲ ಭಾಗ ಇದ್ದದ್ದು ಚಿಕ್ಕವೆಂಕಟಮ್ಮನ ಐದನೇ ಪದದ ಕೆಳಗೆ, ಅಷ್ಟೇ ಉದ್ದಕ್ಕೆ.

ಮಾರನೇ ಸಾಯಂಕಾಲ ಮುನಿನಾರಾಯಣಪ್ಪ ಹಾಲನ್ನು ಒಲೆಗಿಟ್ಟು, ಕೈ ತೊಳೆದು, ಕ್ಯಾಸೆಟ್ ಹಾಕಿ ಎದುರಿಗೆ ಕೂತ. ನಾಲ್ಕು ಪದ ಸುಮ್ಮನೆ ಕೇಳಿದ. ಐದನೆಯದನ್ನು ಅವಳು ಎತ್ತಿಕೊಂಡದ್ದೇ ತಾನೂ ಮೆಲ್ಲಗೆ ಸಿಳ್ಳೆ ತೆಗೆದ. ಅವಳ ಸೋಬಾನೆ ಒಂದು ದಾರಿ, ಬಾಟ್ಲಿ ತಂಬಿಯ ರಾಗ ಇನ್ನೊಂದು ದಾರಿ. ಒಂದಕ್ಕೊಂದು ಹೊಂದಿತು ಎಂದರೆ ಸುಳ್ಳಾಗುತ್ತದೆ. ಎರಡು ಕಡೆ ತಾಳ ತಪ್ಪಿದ, ಒಂದು ಕಡೆ ಬರೀ ಗಾಳಿ ಬಂತು. ಆದರೂ ಬಿಡದೆ, ಸಂತೆಯ ದಾರಿಯನ್ನೆಲ್ಲ ಅವಳ ಪಕ್ಕದಲ್ಲೇ ನಡೆದು, ಆ ತಿರುವಿಗೆ ಬಂದು ಮುಟ್ಟಿದ.

"ಸಾಕು ನಿಲ್ಸಿ," ಎಂದಳು ಚಿಕ್ಕವೆಂಕಟಮ್ಮ. "ಒಲೆ ಮ್ಯಾಲೆ ಆಲೈತೆ!"

ಹಾಲು ಉಕ್ಕುತ್ತಿತ್ತು. ಅವನು ಸಿಳ್ಳೆ ನಿಲ್ಲಿಸಲಿಲ್ಲ.